ನಿಸಾನ್ 370ಝಡ್ ಕಾರನ್ನು ದಲ್ಲಾಳಿಗಳಿಲ್ಲದೆ ಮಾರುವ ಬಗ್ಗೆ ಸಲಹೆ ಬೇಕು

ಜಯನಗರ_ಝಡ್ (ಪ್ರಶ್ನೆ):
ನಮಸ್ಕಾರ. ಜಪಾನಿನಲ್ಲಿ ತಯಾರಾಗಿ ಪೂರ್ಣರೂಪದಲ್ಲಿಯೇ ಆಮದಾದ, 2012ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ನಿಸಾನ್ 370ಝಡ್ ಕಾರಿಗೆ ನಾನು ಮೊದಲ ಮಾಲೀಕ. 3.7 ಲೀಟರ್ ವಿ6 ಎಂಜಿನ್, ಮ್ಯಾನುಯಲ್ ಗೇರ್, ಸಾಲ ತೀರಿದೆ. ಎಕ್ಸಾಸ್ಟ್ ಬದಲಾಯಿಸಿದ್ದೇನೆ, ಮೂಲದ್ದು ಮನೆಯಲ್ಲಿದೆ. ಹಳೆಯ ಕಾರು ಕೊಳ್ಳುವ ಮಳಿಗೆಯವರು ಹೇಳುವ ಬೆಲೆ ತೀರಾ ಕಡಿಮೆ ಎನ್ನಿಸುತ್ತಿದೆ. ಈ ಕಾರಿನ ಬೆಲೆ ತಿಳಿದವರಿಗೇ ನೇರವಾಗಿ ಮಾರಬೇಕೆಂದಿದ್ದೇನೆ. ಹೇಗೆ ಮುಂದುವರಿಯಲಿ?

ವಿ6_ಪ್ರೇಮಿ:
ಸರ್, ಇಂಥ ಕಾರುಗಳು ಮಾರುಕಟ್ಟೆಗೆ ಬರುವುದೇ ಅಪರೂಪವಾದ್ದರಿಂದ ಹೋಲಿಸಿ ನೋಡಲು ನಿಶ್ಚಿತವಾದ ದರವೆಂಬುದು ಸಿಗುವುದಿಲ್ಲ. ಆದ್ದರಿಂದ ಸರ್ವೀಸ್ ದಾಖಲೆಗಳೇ ನಿಮ್ಮ ಬೆಲೆಯನ್ನು ಸಮರ್ಥಿಸಬೇಕು. ಈ ಎಂಜಿನ್ ಬಲ್ಲವರು ಮೊದಲು ಕೇಳುವುದು ಆಯಿಲ್ ಗ್ಯಾಲರಿ ಗ್ಯಾಸ್ಕೆಟ್ (ಎಂಜಿನ್ನಿನೊಳಗಿನ ಆಯಿಲ್ ಹಾದಿ ಸೋರದಂತೆ ತಡೆಯುವ ಸೀಲು) ಬಗ್ಗೆ. ಅದು ಹಾಳಾದರೆ ಆಯಿಲ್ ಒತ್ತಡ ಇಳಿಯುತ್ತದೆ, ಸರಿಪಡಿಸಲು ಎಂಜಿನ್ನಿನ ಮುಂಭಾಗವನ್ನು ಬಿಚ್ಚಬೇಕಾಗುತ್ತದೆ. ಎರಡನೆಯದು ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಭಾಗ. ಅದು ಗೇರ್‌ಬಾಕ್ಸ್ ಒಳಗಿರುವುದರಿಂದ ಗೇರ್‌ಬಾಕ್ಸನ್ನೇ ಇಳಿಸದೆ ಬದಲಾಯಿಸಲಾಗದು. ಇವೆರಡರ ಕೆಲಸ ಆಗಿದ್ದರೆ ಬಿಲ್ಲುಗಳನ್ನು ತೆಗೆದಿಡಿ, ಆಗಿಲ್ಲದಿದ್ದರೆ ಹಾಗೆಂದು ಜಾಹೀರಾತಿನಲ್ಲಿಯೇ ಬರೆಯಿರಿ. ಮರೆಮಾಚದವರ ಮಾತಿಗೆ ಬೆಲೆ ಹೆಚ್ಚು.

ಮೂಲ ಎಕ್ಸಾಸ್ಟನ್ನು ಮತ್ತೆ ಜೋಡಿಸಿಯೇ ತೋರಿಸಿ, ಬದಲಿ ಎಕ್ಸಾಸ್ಟನ್ನು ಬೇರೆಯಾಗಿ ಕೊಡಿ. ಟೆಸ್ಟ್ ಡ್ರೈವ್‌ಗೆ ಬರುವವರ ಚಾಲನಾ ಪರವಾನಗಿಯ ಪ್ರತಿ ಪಡೆದು, ನೀವೂ ಜೊತೆಯಲ್ಲಿ ಕೂತು, ನೈಸ್ ರಸ್ತೆಯಂಥ ತೆರವಾದ ಕಡೆಗೆ ಮುಂಜಾನೆ ಹೋಗುವುದು ಒಳ್ಳೆಯದು.

ಕಾಗದಪತ್ರ_ಬಲ್ಲವರು:
ಕಂಪನಿಯೇ ತರಿಸಿ ಮಾರಿದ ಕಾರಾದ್ದರಿಂದ ಮೂಲ ಇನ್‌ವಾಯ್ಸನ್ನು ಜೋಪಾನವಾಗಿಡಿ; ವ್ಯಕ್ತಿಯೊಬ್ಬರು ಸ್ವತಃ ಆಮದು ಮಾಡಿಕೊಂಡ ಕಾರಾಗಿದ್ದರೆ ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ದಾಖಲೆ) ಮತ್ತು ಸುಂಕ ಕಟ್ಟಿದ ರಸೀದಿ ಇಲ್ಲದೆ ಎಚ್ಚರವುಳ್ಳ ಯಾರೂ ಮುಂಗಡ ಕೊಡುವುದಿಲ್ಲ. ಆರ್‌.ಸಿ.ಯಲ್ಲಿರುವ ಚಾಸಿ ಸಂಖ್ಯೆಯೂ ಕಾರಿನ ಮೇಲಿನ ಸಂಖ್ಯೆಯೂ ಒಂದೇ ಎಂದು ಈಗಲೇ ನೋಡಿಕೊಳ್ಳಿ. ಸಾಲ ತೀರಿದ್ದರೂ ಆರ್‌.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಹಾಗಿದ್ದರೆ ಫಾರಂ 35 ಸಲ್ಲಿಸಿ ತೆಗೆಸಬೇಕು. ಬಾಕಿ ಸಂಚಾರ ದಂಡಗಳನ್ನೂ ಕಟ್ಟಿಬಿಡಿ. 15 ವರ್ಷಗಳ ನೋಂದಣಿ ಅವಧಿ 2027ಕ್ಕೆ ಮುಗಿಯುವುದರಿಂದ, ನವೀಕರಣದ ಖರ್ಚನ್ನು ಖರೀದಿದಾರರು ಚೌಕಾಸಿಯಲ್ಲಿ ಎತ್ತುವುದು ಖಚಿತ.

ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಹಣವನ್ನು ಆರ್‌ಟಿಜಿಎಸ್ ಮೂಲಕವೇ ಪಡೆಯಿರಿ, ಏಕೆಂದರೆ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ವಿಮೆಯ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ಕಂತಿನ ರಿಯಾಯಿತಿ) ನಿಮ್ಮದೇ. ವಿಮಾ ಕಂಪನಿಯಿಂದ ಪ್ರಮಾಣಪತ್ರ ಪಡೆದರೆ 3 ವರ್ಷಗಳೊಳಗೆ ನಿಮ್ಮ ಮುಂದಿನ ಕಾರಿಗೆ ಬಳಸಬಹುದು.

ಜಯನಗರ_ಝಡ್:
ಇಬ್ಬರಿಗೂ ಧನ್ಯವಾದಗಳು. ಕೊಚ್ಚಿಯವರೊಬ್ಬರು ಪೂರ್ಣ ಹಣ ಕೊಟ್ಟು ಈಗಲೇ ಕಾರನ್ನು ಒಯ್ಯುತ್ತೇವೆ, ಹೆಸರು ಬದಲಾವಣೆ ನಿಧಾನವಾಗಿ ಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಕಾಗದಪತ್ರ_ಬಲ್ಲವರು:
ದಯವಿಟ್ಟು ಒಪ್ಪಬೇಡಿ. ಆರ್‌.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಕಾರು ಹಲವು ಕೈ ದಾಟಿದ್ದರೂ ನೋಂದಾಯಿತ ಮಾಲೀಕರು ತಪ್ಪಿಸಿಕೊಳ್ಳಲಾಗಲಿಲ್ಲ. ಇಷ್ಟು ಶಕ್ತಿಯ ಕಾರಿನ ವಿಷಯದಲ್ಲಿ ಅದು ಸಣ್ಣ ಮಾತಲ್ಲ. ಮುಂಗಡ ಪಡೆದು, ಫಾರಂ 28ರ ಮೂಲಕ ಕಾರನ್ನು ಹೊರರಾಜ್ಯಕ್ಕೆ ವರ್ಗಾಯಿಸಲು ನಿಮ್ಮ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ಕೈಸೇರಿದ ಮೇಲೆ ಉಳಿದ ಹಣ ಖಾತೆಗೆ ಬಂದುದನ್ನು ಖಚಿತಪಡಿಸಿಕೊಂಡು, ದಿನಾಂಕದೊಡನೆ ಸಮಯವನ್ನೂ ಬರೆದ ಹಸ್ತಾಂತರ ಪತ್ರಕ್ಕೆ ಸಹಿ ಪಡೆದು ಕೀಲಿ ಕೊಡಿ. ಹೊರರಾಜ್ಯಕ್ಕೆ ಮಾರಿದಾಗ 45 ದಿನಗಳೊಳಗೆ ನೀವೂ ನಿಮ್ಮ ಆರ್‌ಟಿಓಗೆ ತಿಳಿಸಬೇಕು. ಕೇರಳದಲ್ಲಿ ಅವರು ಮತ್ತೆ ರಸ್ತೆ ತೆರಿಗೆ ಕಟ್ಟಬೇಕಾಗುತ್ತದೆ, ವಿಳಂಬ ಕೇಳುತ್ತಿರುವುದು ಅದಕ್ಕೇ ಇರಬಹುದು. ಬೇಕಿದ್ದರೆ ಬೆಲೆಯಲ್ಲಿ ಸ್ವಲ್ಪ ಇಳಿಯಿರಿ, ವರ್ಗಾವಣೆಯಲ್ಲಿ ಮಾತ್ರ ಬಿಟ್ಟುಕೊಡಬೇಡಿ.