ಪದಚರ್ಚೆ: ಡೇಟಾ ‘ಮಿತಿ’ಯೋ ‘ಪರಿಧಿ’ಯೋ? ನೆಟ್ ‘ಮುಗಿಯಿತೋ’ ‘ಒಸರುತ್ತಿದೆಯೋ’?

ಎಲ್ಲರಿಗೂ ನಮಸ್ಕಾರ.

ನಮ್ಮೂರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಇಲ್ಲಿನ ವಾಚನಾಲಯದಲ್ಲಿ ಹಿರಿಯರಿಗೆ ಸ್ಮಾರ್ಟ್‌ಫೋನ್ ಹೇಳಿಕೊಡುವ ತರಗತಿ ನಡೆಯುತ್ತಿದೆ. ಮೊಬೈಲ್ ಡೇಟಾವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ಒಂದು ಹಾಳೆಯ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ವಾರವಾಯಿತು, ಪದಗಳಲ್ಲೇ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ಪರಿಧಿ’. ಕೈಗೆ ಬಂದ ಮಲಯಾಳ ಕರಪತ್ರವನ್ನು ಯಾರೋ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ್ದರು. ‘ಡೇಟಾ ಪರಿಧಿಯನ್ನು ನಿಶ್ಚಯಿಸಿರಿ’ ಅಂತ ಇತ್ತು. ನಿಜ ಹೇಳಬೇಕೆಂದರೆ ನನ್ನ ಕಿವಿಗೆ ಅದು ಚುಚ್ಚಲೇ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಚೇರಿ ಕನ್ನಡ ಬಹುಪಾಲು ಮಲಯಾಳದಿಂದ ಇಳಿದು ಬಂದದ್ದು. ಪಂಚಾಯತ್ ಪರಿಧಿ, ಠಾಣೆಯ ಪರಿಧಿ, ಕೆಲಸದ ಅರ್ಜಿಯಲ್ಲಿ ಪ್ರಾಯಪರಿಧಿ, ಹೀಗೆ ನೋಡಿ ನೋಡಿ ಅಭ್ಯಾಸವಾಗಿದೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಕಳಿಸಿದೆ. ‘ಅಣ್ಣ, ಡೇಟಾ ಏನು ವೃತ್ತವಾ?’ ಅಂತ ಕೇಳಿದ. ಅವನು ಕಲಿತದ್ದೂ ಇದೇ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಅಲ್ಲಿ ಗಣಿತದ ಮಾಷ್ಟ್ರು ವೃತ್ತದ ಸುತ್ತಳತೆಗೆ ಪರಿಧಿ ಅಂದದ್ದು ನನಗೂ ನೆನಪಿದೆ. ಕರ್ನಾಟಕದಲ್ಲಿ ವಯೋಮಿತಿ, ವೇಗಮಿತಿ ಅನ್ನುವಲ್ಲೆಲ್ಲ ಮಲಯಾಳದವರು ಪರಿಧಿ ಹಾಕುತ್ತಾರೆ.

ಸಂಸ್ಕೃತದಲ್ಲಿ ಪರಿಧಿ ಅಂದರೆ ಸುತ್ತ ಇಟ್ಟದ್ದು. ಹೋಮದ ಬೆಂಕಿಯ ಸುತ್ತ ಇಡುವ ಸಮಿತ್ತಿಗೂ ಅದೇ ಹೆಸರು, ಚಂದ್ರನ ಸುತ್ತ ಕಾಣುವ ಬಳೆಗೂ ಅದೇ. ಮಿತಿ ಬಂದದ್ದು ಅಳೆಯುವ ಧಾತುವಿನಿಂದ. ಎಂದರೆ ಒಂದು ಬೇಲಿ, ಇನ್ನೊಂದು ಸೇರು. ಡೇಟಾ ಅಳೆದು ಕೊಡುವ ವಸ್ತು. ಹಾಗಾಗಿ ಇಲ್ಲಿ ಮಿತಿಯೇ ಸರಿ ಅಂತ ನನ್ನ ತೀರ್ಮಾನ. ಮಲಯಾಳದಲ್ಲಿ ಪರಿಧಿ ತಪ್ಪಲ್ಲ, ಅಲ್ಲಿ ಅರ್ಥ ಹಾಗೆ ಹರಡಿದೆ. (ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಹೊರಬಂದದ್ದು ಮಂಗಳೂರಿನಿಂದಲೇ. ಎರಡು ಭಾಷೆಯ ನಡುವೆ ಕೂತ ನಮ್ಮಂಥವರಿಗೆ ಅದೊಂದು ಸಮಾಧಾನ.)

ಆದರೆ ಮಿತಿ ಅಂದ ಮಾತ್ರಕ್ಕೆ ತೊಡಕು ಮುಗಿಯಲಿಲ್ಲ. ಕಳೆದ ವಾರ ದೊಡ್ಡಮ್ಮ ಫೋನ್ ಮಾಡಿ, ನಮ್ಮ ಹವ್ಯಕ ಕನ್ನಡದಲ್ಲಿ ‘ಆನು ಒಂದು ಜಿಬಿಗೆ ಮಿತಿ ಮಡುಗಿದ್ದೆನ್ನೆ, ಮತ್ತೆಂತಕೆ ನೆಟ್ಟು ಮುಗುದ್ದು?’ ಅಂದರು. ಹೋಗಿ ನೋಡಿದೆ. ಅವರ ಫೋನಿನ ಸೆಟ್ಟಿಂಗ್ಸ್ ಕನ್ನಡದಲ್ಲಿದೆ. ‘ಡೇಟಾ ಎಚ್ಚರಿಕೆ ಮತ್ತು ಮಿತಿ’ ಎಂಬ ತಲೆಬರಹದ ಕೆಳಗೆ ಎರಡು ಗುಂಡಿ. ಅವರು ಮೊದಲನೆಯದನ್ನು ಒತ್ತಿದ್ದರು, ಅದು ಬರೀ ಎಚ್ಚರಿಕೆ. ಲೆಕ್ಕ ಅಲ್ಲಿಗೆ ಮುಟ್ಟಿದಾಗ ಫೋನು ಒಂದು ಸೂಚನೆ ತೋರಿಸಿ ಸುಮ್ಮನಾಗುತ್ತದೆ, ನೆಟ್ ಹರಿಯುತ್ತಲೇ ಇರುತ್ತದೆ. ಎರಡನೆಯ ಗುಂಡಿಯಾದರೆ ಮೊಬೈಲ್ ಡೇಟಾವನ್ನೇ ನಿಲ್ಲಿಸುತ್ತದೆ. ಒಂದು ಕೂಗಿ ಹೇಳುವುದು, ಇನ್ನೊಂದು ನೀರಿಗೆ ಅಡ್ಡ ಕಟ್ಟ ಕಟ್ಟುವುದು. ತಲೆಬರಹದಲ್ಲಿ ಎರಡೂ ಒಟ್ಟಿಗೆ ಬಂದದ್ದರಿಂದ ದೊಡ್ಡಮ್ಮನಿಗೆ ಎರಡೂ ಒಂದೇ ಆಗಿ ಕಂಡಿತು. ‘ಎಚ್ಚರಿಕೆ’ಯ ಬದಲು ‘ಗುರುತು’ ಅಂದರೆ ಹೇಗೆ? ‘1 ಜಿಬಿಗೆ ಗುರುತು ಹಾಕಿ, ದಾಟಿದರೆ ಫೋನು ಹೇಳುತ್ತದೆ.’ ಮುನ್ನೆಚ್ಚರಿಕೆ ಬೇಡ, ಅದು ನಾವು ಮಾಡಿಕೊಳ್ಳುವುದು, ಫೋನು ಕೊಡುವುದಲ್ಲ.

ಇದರ ಜೊತೆ ಇನ್ನೊಂದು ಗೋಜಲು. ಆಂಡ್ರಾಯ್ಡ್ ಈ ಲೆಕ್ಕ ಇಡುವುದು ತಿಂಗಳಿಗೆ. ನಮ್ಮ ರೀಚಾರ್ಜ್ ಬಹುತೇಕ 28 ದಿನದ್ದು, ಅದರಲ್ಲೂ ದಿನಕ್ಕೆ 1.5 ಜಿಬಿ ಅಂತ. 28 ದಿನಕ್ಕೆ ಒಟ್ಟು 42 ಜಿಬಿ ಆಗುತ್ತದೆ ನಿಜ, ಆದರೆ ಇವತ್ತು ಉಳಿದದ್ದು ನಾಳೆಗೆ ಬರುವುದಿಲ್ಲ. ಕೆಲವು ಕಂಪೆನಿಯ ಫೋನುಗಳಲ್ಲಿ ದಿನದ ಮಿತಿ ಹಾಕಲು ಬರುತ್ತದೆ, ದೊಡ್ಡಮ್ಮನದ್ದರಲ್ಲಿ ಇಲ್ಲ. ಹಾಗಾಗಿ ಕರಪತ್ರದಲ್ಲಿ ‘ದಿನದ ಪಾಲು’, ‘ತಿಂಗಳ ಮಿತಿ’, ‘ವಾಯಿದೆ’ ಅಂತ ಬೇರೆ ಬೇರೆ ಬರೆದಿದ್ದೇನೆ.

‘ಹಿನ್ನೆಲೆ ಡೇಟಾ’ ಅಂತ ಫೋನಿನಲ್ಲಿ ಇರುವುದು ಯಾರಿಗೂ ಹತ್ತಲಿಲ್ಲ. ಕೊನೆಗೆ ‘ಹಿಮ್ಮೇಳ’ ಅಂದೆ. ಯಕ್ಷಗಾನದಲ್ಲಿ ವೇಷ ಚೌಕಿಗೆ (ಬಣ್ಣದ ಕೋಣೆಗೆ) ಹೋದರೂ ಚೆಂಡೆ ಮದ್ದಳೆ ನಿಲ್ಲುವುದಿಲ್ಲವಲ್ಲ, ಹಾಗೆ ನೀವು ವಾಟ್ಸಾಪ್ ಮುಚ್ಚಿದರೂ ಗುಂಪಿನ ಫೋಟೋ, ವಿಡಿಯೋ ಇಳಿಯುತ್ತಲೇ ಇರುತ್ತವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಲಿಲ್ಲ. ‘ಹಾಂಗಾರೆ ಡೇಟಾ ಸೇವರ್ ಹೇಳಿರೆ ಹಿಮ್ಮೇಳವ ಕೂರ್ಸುದು’ ಅಂತ ದೊಡ್ಡಮ್ಮನೇ ಮುಗಿಸಿದರು.

ಈಗ ನಿಜವಾದ ಪ್ರಶ್ನೆ. ದಿನದ ಪಾಲು ಮುಗಿದಾಗ ಇಲ್ಲಿ ಏನೆನ್ನುತ್ತಾರೆ? ಹವ್ಯಕರ ಮನೆಯಲ್ಲಿ ‘ಮುಗುದತ್ತು’. ಮಂಜೇಶ್ವರದ ಕಡೆ ತುಳುವಿನಲ್ಲಿ ‘ಕಾಲಿ ಆಂಡ್’. ಮಲಯಾಳದಲ್ಲಿ ‘ತೀರ್ನ್ನು’. ಅದರ ಗಾಳಿ ಬಡಿದು ಪೇಟೆಯ ಹುಡುಗರು ಕನ್ನಡದಲ್ಲೂ ‘ನೆಟ್ ತೀರಿತು’ ಅನ್ನುತ್ತಾರೆ. ಮೈಸೂರಿನಿಂದ ಬಂದ ನೆಂಟರೊಬ್ಬರು ಅದನ್ನು ಕೇಳಿ ‘ಅಯ್ಯೋ, ಉತ್ತರಕ್ರಿಯೆ ಯಾವತ್ತು?’ ಅಂದರು.

ತಮಾಷೆ ಇರಲಿ. ತೊಂದರೆ ಏನೆಂದರೆ, ಅದು ಮುಗಿದಿರುವುದೇ ಇಲ್ಲ. ಪಾಲು ಮುಗಿದ ಮೇಲೂ ಅನೇಕ ಪ್ಲಾನುಗಳಲ್ಲಿ ನೆಟ್ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿದು ಮುಂದುವರಿಯುತ್ತದೆ. ಕಿಲೋಬೈಟಿನಲ್ಲಿ ಹೇಳಿದರೆ 8. ಒಂದು ಎಂಬಿಯ ಫೋಟೋ ಇಳಿಯಲು ಎರಡು ನಿಮಿಷಕ್ಕೂ ಮೀರಿ ಬೇಕು, ಆದರೆ ಬರೀ ಅಕ್ಷರದ ಸಂದೇಶ ಹೋಗುತ್ತದೆ. ಇದು ಗೊತ್ತಿಲ್ಲದೆ ‘ಮುಗಿಯಿತು’ ಅಂತ ಫೋನು ಬದಿಗಿಟ್ಟು, ಮಗಳಿಗೆ ಕಳಿಸಬೇಕಾದ ಎರಡು ಸಾಲನ್ನೂ ಕಳಿಸದೆ ಮಲಗುವವರಿದ್ದಾರೆ. ‘ನಿಧಾನವಾಗಿದೆ’ ಅಂದರೆ ಟವರಿನ ದೋಷ ಅಂದುಕೊಳ್ಳುತ್ತಾರೆ.

ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಮಾರ್ಚ್ ಕಳೆದ ಮೇಲೆ ನೀರು ಬತ್ತುವುದಿಲ್ಲ, ನೂಲಿನಷ್ಟಾಗುತ್ತದೆ. ಅಡಕೆಮರ ಸೀಳಿ ಮಾಡಿದ ದಂಬೆಯ (ನೀರು ಹರಿಸುವ ದೋಣಿಯ) ತುದಿಗೆ ಕೊಡಪಾನ ಇಟ್ಟು ಹೋದರೆ ಹಾಲು ಕರೆದು ಬರುವಷ್ಟರಲ್ಲಿ ತುಂಬಿರುತ್ತದೆ. ಅದಕ್ಕೆ ನಾವು ಒಸರುವುದು ಅನ್ನುತ್ತೇವೆ. ‘ಪಾಲು ಮುಗಿದ ಮೇಲೆ ನೆಟ್ ಒಸರುತ್ತದೆ, ಮಧ್ಯರಾತ್ರಿ ದಾಟಿದ ಮೇಲೆ ಮತ್ತೆ ಹರಿಯುತ್ತದೆ’ ಅಂತ ಬರೆದಿದ್ದೇನೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರು, ತಾಳವಾಡಿ, ಹೊಸೂರಿನವರು, ಆದವಾನಿ ಕಡೆಯವರು ಈ ಸ್ಥಿತಿಗೆ ಏನನ್ನುತ್ತೀರಿ? ಅಲ್ಲಿ ಮರಾಠಿಯ ‘ಸಂಪಲಾ’, ತೆಲುಗಿನ ‘ಅಯಿಪೋಯಿಂದಿ’ ಕನ್ನಡದೊಳಗೆ ಬಂದು ಕೂತಿವೆಯೇ? ‘ಒಸರು’ ನಿಮ್ಮಲ್ಲಿ ಗಾಯದ ರಸಿಗೆ ಮಾತ್ರ ಮೀಸಲಾಗಿದ್ದರೆ ಅದನ್ನೂ ತಿಳಿಸಿ. ಶನಿವಾರ ಸಂಜೆ ಹಾಳೆ ಜೆರಾಕ್ಸಿಗೆ ಹೋಗುತ್ತದೆ.