ಫಾರ್ಮಾಲಿನ್ ಬರೋ ಮುಂಚೆ ಡಿಸೆಕ್ಷನ್ ಹ್ಯಾಂಗ ಮಾಡಿಸ್ತಿದ್ರು?

ಡೆಮೊ ಟೇಬಲ್, ಕಲಬುರಗಿ:
ಮೊದಲ ವರ್ಷದ ಎಂಬಿಬಿಎಸ್ ಹುಡುಗರಿಗೆ 19ನೇ ಶತಮಾನದ ಅನಾಟಮಿ, ಫಿಸಿಯಾಲಜಿ ಪಾಠದ ಬಗ್ಗೆ ಅರ್ಧ ತಾಸು ಹೇಳಬೇಕಾಗ್ಯಾದ. ಆಗ ಹೆಣ ಕೆಡದಂಗ ಹ್ಯಾಂಗ ಇಡ್ತಿದ್ರು? ರಕ್ತನಾಳ ಎದ್ದು ಕಾಣಲಿಕ್ಕೆ ಏನು ತುಂಬ್ತಿದ್ರು? ಫಿಸಿಯಾಲಜಿ ಪ್ರಾಕ್ಟಿಕಲ್ ಇತ್ತೇನು? ನಮ್ಮ ನಿಜಾಮ್ ಸೀಮೆಯ ಸಂಗತಿ ಇದ್ರೂ ತಿಳಿಸ್ರಿ.

ಬೀದರ್ ಓದುಗ:
ಸರ್, ಹವಾಮಾನದಿಂದಲೇ ಶುರು ಮಾಡ್ರಿ. ಎಡಿನ್‌ಬರೋ, ಲಂಡನ್‌ದಾಗ ಡಿಸೆಕ್ಷನ್ ಚಳಿಗಾಲದ ಕೆಲಸ, ಬೇಸಿಗೆ ಬಂದ್ರೆ ಬಂದ್. ಕರುಳಿನೊಳಗಿನ ಬ್ಯಾಕ್ಟೀರಿಯಾದಿಂದ ಹೊಟ್ಟೆ ಮೊದಲು ಕೊಳೀತದ. ಅದಕ್ಕ ಹಳೇ ಕ್ರಮದಾಗ ಹೊಟ್ಟೆ, ಎದೆ, ತಲೆ ಮುಗಿಸಿ ಕೈಕಾಲು ಕಡೀಗೆ. ಆಮೇಲೆ ಆರ್ಸೆನಿಕ್ ಇಲ್ಲಾ ಜಿಂಕ್ ಕ್ಲೋರೈಡ್ ದ್ರಾವಣ ಅಪಧಮನಿಗೆ ಏರಿಸಲಿಕ್ಕೆ ಹತ್ತಿದ ಮ್ಯಾಲೆ ಹೆಣ ವಾರಗಟ್ಟಲೆ ತಡೀತಿತ್ತು. ಆದರೆ ಆರ್ಸೆನಿಕ್ಕಿನಿಂದ ಹುಡುಗರ ಬೆರಳಿಗೆ ಹುಣ್ಣು ಆಗ್ತಿದ್ದವು.

ರಕ್ತನಾಳಕ್ಕ ಜೇನುಮೇಣ, ರಾಳ, ಟರ್ಪೆಂಟೈನ್ ಕರಗಿಸಿ, ಕೆಂಪಿಗೆ ಇಂಗಳೀಕ ಅರೆದು ಕಲಸಿ, ಹಿತ್ತಾಳೆ ಸಿರಿಂಜಿನಿಂದ ಮಹಾಪಧಮನಿಗೆ ತುಂಬ್ತಿದ್ರು. ಸೂಕ್ಷ್ಮ ಇರೋದು ಇಲ್ಲೇ: ಮೊದಲು ಹೆಣವನ್ನ ಬೆಚ್ಚನ್ನ ನೀರಿನಾಗ ಇಟ್ಟು ಒಳತನಕ ಕಾಯಿಸಬೇಕು. ತಣ್ಣಗಿದ್ರೆ ಮೇಣ ದೊಡ್ಡ ನಾಳದಾಗೇ ಗಟ್ಟಿ ಆಗ್ತದ, ಕೈಬೆರಳಿನ ತನಕ ಮುಟ್ಟಂಗಿಲ್ಲ. ಜೋರಾಗಿ ಒತ್ತಿದ್ರೆ ನಾಳ ಒಡೆದು ಮೇಣ ಮಾಂಸದಾಗ ಹರಡ್ತದ, ಆ ಭಾಗ ಹೋದಂಗ. ಸಿರಿಂಜಿನಾಗ ಗಾಳಿ ಉಳಿದ್ರೆ ನಡುನಡುವೆ ಖಾಲಿ. ಫಾರ್ಮಾಲಿನ್ ಅಂದ್ರೆ ನೀರಿನಾಗ ಕರಗಿಸಿದ ಫಾರ್ಮಾಲ್ಡಿಹೈಡ್; ಅದು ಅಂಗಾಂಶ ಗಟ್ಟಿ ಮಾಡ್ತದ ಅಂತ ಜರ್ಮನ್ ವೈದ್ಯ ಫರ್ಡಿನಾಂಡ್ ಬ್ಲೂಮ್ 1893ರಾಗ ಬರೆದ. ತನ್ನ ಬೆರಳ ತುದಿ ಬಿರುಸಾಗಿದ್ದು ನೋಡೇ ಅವನಿಗೆ ಅದು ಹೊಳೆದದ್ದು.

ಯಾದಗಿರಿ ಗ್ರಂಥಾಲಯ:
ನಿಜಾಮ್ ಸೀಮೆಯಲ್ಲಿ 1846ರಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾಯಿತು, ಪಾಠ ಉರ್ದುವಿನಲ್ಲಿ. ಕಲಕತ್ತದಲ್ಲಿ ಮಧುಸೂದನ ಗುಪ್ತ ಹೆಣ ಕೊಯ್ದದ್ದು 1836. ಹುಡುಗರಿಗೆ ಇದನ್ನು ತಪ್ಪದೆ ಹೇಳಿ: 1858ರಲ್ಲಿ ಬಂದ ‘ಗ್ರೇ ಅನಾಟಮಿ’ ಪುಸ್ತಕದ ಚಿತ್ರ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಬೊಂಬಾಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ. ಹೆಣ ಕೊಯ್ಯುವ ಚಾಕು ತಗುಲಿದರೆ ಸಾವೂ ಬರುತ್ತಿತ್ತು. 1847ರಲ್ಲಿ ವಿಯೆನ್ನಾದ ಪ್ರೊಫೆಸರ್ ಕೊಲೆಚ್ಕಾ ವಿದ್ಯಾರ್ಥಿಯ ಚಾಕು ಚುಚ್ಚಿ ತೀರಿಕೊಂಡ. ಅಲ್ಲಿನ ಹೆರಿಗೆ ವೈದ್ಯ ಸೆಮೆಲ್‌ವೈಸ್ ವೈದ್ಯರಿಂದ, ವಿದ್ಯಾರ್ಥಿಗಳಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ್ದಕ್ಕೆ ಆ ಸಾವೇ ದಾರಿ ತೋರಿಸಿತು.

ನರ ಸ್ನಾಯು:
ಫಿಸಿಯಾಲಜಿ ಬಹುಕಾಲ ಬರೀ ಭಾಷಣ. ಜರ್ಮನ್ ವಿಜ್ಞಾನಿ ಲುಡ್ವಿಗ್ 1847ರಲ್ಲಿ ಕೈಮೊಗ್ರಾಫ್ (ತಿರುಗುವ ಡ್ರಮ್ಮಿನ ಮೇಲೆ ಚಲನೆಯ ಗೆರೆ ಎಳೆಯುವ ಯಂತ್ರ) ತಂದ ಮೇಲೆ ನಿಧಾನಕ್ಕೆ ವಿದ್ಯಾರ್ಥಿಗಳ ಕೈಗೂ ಕೆಲಸ ಬಂತು. ಡ್ರಮ್ಮಿಗೆ ನುಣುಪು ಕಾಗದ ಬಿಗಿದು, ಹೊಗೆ ಬಿಡುವ ದೀಪದ ಮೇಲೆ ತಿರುಗಿಸಿ ತೆಳ್ಳಗೆ ಮಸಿ ಹಿಡಿಸಬೇಕು. ದಪ್ಪವಾದರೆ ಗೆರೆ ಒರಟಾಗುತ್ತದೆ, ಸ್ನಾಯುವಿಗೆ ಕಟ್ಟಿದ, ಮಸಿ ಕೆರೆದು ಗೆರೆ ಎಳೆಯುವ ಲಿವರ್ ಬಿಗಿಯಾಗಿ ಒತ್ತಿದರೆ ಎತ್ತರವೇ ಸುಳ್ಳು. ಕಪ್ಪೆಯ ಮೀನಖಂಡವನ್ನು ಸಯಾಟಿಕ್ ನರದ (ಕಾಲಿಗೆ ಹೋಗುವ ದೊಡ್ಡ ನರ) ಸಮೇತ ಬಿಡಿಸಿ, ಶೇಕಡಾ 0.6ರ ಉಪ್ಪುನೀರಿನಿಂದ ತೇವ ಆರದಂತೆ ನೋಡಿಕೊಳ್ಳಬೇಕು. ನರ ಒಣಗಿದರೆ ಸ್ನಾಯು ತಾನಾಗಿಯೇ ಅದುರಲು ಶುರು ಮಾಡುತ್ತದೆ. ನರದ ಮೇಲೆ 30 ಮಿಮೀ ಅಂತರದ ಎರಡು ಕಡೆ ಒಂದಾದ ಮೇಲೊಂದು ಪ್ರಚೋದಿಸಿದರೆ ಎರಡು ಗೆರೆಗಳ ಆರಂಭಕ್ಕೆ ಸುಮಾರು 1 ಮಿಲಿಸೆಕೆಂಡ್ ವ್ಯತ್ಯಾಸ, ಅಂದರೆ ಸೆಕೆಂಡಿಗೆ 30 ಮೀಟರ್ ವೇಗ. ಡ್ರಮ್ ಸೆಕೆಂಡಿಗೆ 1 ಮೀಟರ್ ಓಡಿದರೂ ಆ ವ್ಯತ್ಯಾಸ ಕಾಗದದ ಮೇಲೆ 1 ಮಿಮೀ ಮಾತ್ರ. ಹಾಗಾಗಿ ಕಾಲ ಅಳೆಯಲು ಕೆಳಗೆ 100 ಹರ್ಟ್ಸ್ ಶ್ರುತಿಕವೆಯ ಗೆರೆಯನ್ನೂ ಎಳೆಸುತ್ತಿದ್ದರು. ಕೊನೆಗೆ ಕಾಗದ ಬಿಚ್ಚಿ ಅರಗಿನ ವಾರ್ನಿಷ್‌ನಲ್ಲಿ ಅದ್ದಿ ನೇತುಹಾಕಬೇಕು, ಇಲ್ಲದಿದ್ದರೆ ಬೆರಳು ತಾಗಿದ ಕಡೆ ಗೆರೆ ಅಳಿಸಿಹೋಗುತ್ತದೆ.