ಡಿಸೆಂಬರ್‌ನಲ್ಲಿ ಕಾಫಿ ಹೂವಾ?

ಹಾಸನದ ಓದುಗಿ: ಹಾಸನದಲ್ಲಿ ಮಂಗಳೂರು ರೈಲು ಹತ್ತಿ ಶುರು ಮಾಡಿದ ಕಾದಂಬರಿ, ಸುಬ್ರಹ್ಮಣ್ಯ ರೋಡ್ ಬರೋ ಹೊತ್ತಿಗೆ ಮುಗೀತು. ಮೂಡಿಗೆರೆ ಕಡೆ ತೋಟ, ಕಣದಲ್ಲೊಂದು ಹೆಣ, ತನಿಖೆಗೆ ಬಂದ ಎಸ್‌ಐಗೂ ಧಣಿ ಮಗಳಿಗೂ ಲವ್ವು. ಎರಡನೇ ಭಾಗದ ಕಾಟ ಇಲ್ಲ. ಘಾಟಿಯ 57 ಸುರಂಗದಲ್ಲೂ ಮೊಬೈಲ್ ಟಾರ್ಚ್ ಹಾಕ್ಕೊಂಡು ಓದಿದೆ. ಲೈಟಾಗಿದೆ, ಮಜವಾಗಿದೆ.

ಮೂಡಿಗೆರೆ ಮಳೆ: "ಲೈಟಾಗಿದೆ"ಯಂತೆ. ಡಿಸೆಂಬರ್ ಕೊಯ್ಲಲ್ಲಿ ನಾಯಕಿ ಶಾಲಿಂದ ಕಾಫಿ ಹೂವಿನ ಘಮ, ಅದೇ ಸುಳಿವು! ಹೂಮಳೆ ಬೀಳೋದು ಮಾರ್ಚ್, ಏಪ್ರಿಲ್. ಬಿದ್ದ ಎಂಟ್ಹತ್ತು ದಿನಕ್ಕೆ ಹೂವು. ಇಷ್ಟೂ ಗೊತ್ತಿಲ್ಲದೋರು ತೋಟದ ಕಥೆ ಯಾಕೆ ಬರೀಬೇಕು?

ಸಕಲೇಶಪುರ ಘಾಟಿ: "ಮಾರ್ಚ್, ಏಪ್ರಿಲ್" ಅಂತ ಕ್ಯಾಲೆಂಡರ್ ತೋರಿಸಬೇಡಿ ಗುರುಗಳೇ. 2021ರ ಜನವರಿಯಲ್ಲಿ ಅಕಾಲ ಮಳೆ ಹೊಡೆದು, ಹಣ್ಣಿರೋ ಗಿಡದಲ್ಲೇ ಹೂವಾಯ್ತು.

ಮೂಡಿಗೆರೆ ಮಳೆ: ಜನವರಿ. ಡಿಸೆಂಬರ್ ಅಲ್ಲ. ನೀವೇ ಒಪ್ಕೊಂಡ್ರಿ.

ಸಕಲೇಶಪುರ ಘಾಟಿ: ಒಪ್ಪಿದ್ದು ಯಾರು? ರೋಬಸ್ಟಾ ತಳಿ ಕಾಫಿಗೆ ಸ್ಪ್ರಿಂಕ್ಲರ್ ಬಿಟ್ಟೇ ಹೂವು ಮಾಡಿಸ್ತಾರೆ, ಮಳೆ ಬೇಕೇ ಇಲ್ಲ.

ಮೂಡಿಗೆರೆ ಮಳೆ: ಸ್ಪ್ರಿಂಕ್ಲರ್! ಹಣ್ಣು ಗಿಡದಲ್ಲಿರುವಾಗ ಯಾವ ಪುಣ್ಯಾತ್ಮ ನೀರು ಬಿಡ್ತಾನೆ? ನಿಮ್ಮದು ಹೋಂಸ್ಟೇ ತೋಟ ಇರಬೇಕು.

ಸಕಲೇಶಪುರ ಘಾಟಿ: ಹೋಂಸ್ಟೇ ಅಂದ್ರಾ? ನಮ್ಮಜ್ಜ ಮಾಡಿದ ಹನ್ನೆರಡು ಎಕರೆ ಅದು. ಬಾಯಿಗೆ ಬಂದಂಗೆ ಮಾತಾಡ್ಬೇಡಿ.

ಗಿರಿಯ ಗಾಳಿ: ಕಾಫಿ ಬಿಡ್ರಪ್ಪ. ಕೊಲೆ, ಪ್ರೇಮ ಇದ್ರೆ ಸಾಹಿತ್ಯ ಅಲ್ಲ ಅನ್ನೋರು ತೇಜಸ್ವಿ ಓದ್ಲಿ. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಮೂಡಿಗೆರೆ ಮಳೆ: "ಸಾಹಿತ್ಯ ಅಲ್ಲ" ಅಂತ ಯಾರಂದ್ರು ಸ್ವಾಮಿ? ತೇಜಸ್ವಿ ಮೂಡಿಗೆರೇಲಿ ತೋಟ ಮಾಡ್ಕೊಂಡು ಬರೆದೋರು. ಅವರನ್ನ ಇದಕ್ಕೆ ಎಳೀಬೇಡಿ.

ಹಾಸನದ ಓದುಗಿ: ಅಯ್ಯೋ, ಕೊನೆ ಅಧ್ಯಾಯ ಓದಿದ್ರಾ? ಶಾಲಿಗೆ ಕಾಫಿ ಹೂವಿನ ಘಮ ಅಂತ ಹೇಳಿಕೆ ಕೊಟ್ಟಿದ್ದು ತೋಟದ ರೈಟರ್, ಅದೇ ಲೆಕ್ಕ ಬರೆಯೋ ಗುಮಾಸ್ತ. ಅದು ಮಲ್ಲಿಗೆ ಅತ್ತರು, ಅವನೇ ಹಚ್ಚಿದ್ದು. "ಡಿಸೆಂಬರ್‌ನಲ್ಲಿ ಯಾವ ಹೂವಯ್ಯಾ?" ಅಂತ ಎಸ್‌ಐ ಕೇಳಿದ್ದಕ್ಕೇ ಸಿಕ್ಕಿಬಿದ್ದ.

ಮೂಡಿಗೆರೆ ಮಳೆ: ಅರ್ಧಕ್ಕೇ ಎಸೆದೆ. ಅಂದ್ಮೇಲೆ ನಾನು ಹೇಳಿದ್ದೇ ಸರಿ ಆಯ್ತಲ್ಲ! ಆದ್ರೂ ತೋಟದ ರೈಟರಿಗೆ ಹೂವಿನ ಕಾಲ ಗೊತ್ತಿರಲ್ವಾ? ಅಲ್ಲೂ ತಪ್ಪು.

ಸಕಲೇಶಪುರ ಘಾಟಿ: "ಸರಿ ಆಯ್ತಲ್ಲ" ಅಂತೆ. 2021ಕ್ಕೆ ಇನ್ನೂ ಉತ್ತರ ಬಂದಿಲ್ಲ.

ಗಿರಿಯ ಗಾಳಿ: ಅಕ್ಕಾ, ಕೊಲೆಗಾರ ಯಾರು ಅಂತ ಹೇಳೇಬಿಟ್ರಲ್ಲ! ನಾನಿನ್ನೂ 40ನೇ ಪುಟದಲ್ಲಿದೀನಿ.